ನಾಲ್ಕು ಬೆರಳು ಇಳಿದ ಲಾರಿ

"ಗುರುಗಳೇ, ಅನುಕೂಲ ಮಾಡಿಕೊಟ್ಟ ಮೇಲೂ ಒಬ್ಬರು ತಪ್ಪುತ್ತಲೇ ಇದ್ದರೆ ಏನು ಮಾಡಬೇಕು?"

ಕೇಳಿದವನು ಮರುಳಯ್ಯ. ಮಠದ ಉಗ್ರಾಣ ಅವನ ವಶದಲ್ಲಿತ್ತು. ಬೀಗದ ಕೈಗಳ ಗೊಂಚಲು ಸದಾ ಸೊಂಟದಲ್ಲಿ. ಮಾತಾಡುವಾಗ ಅದನ್ನು ಝಣಝಣ ಆಡಿಸುವುದು ಅವನ ರೂಢಿ.

"ಯಾರು ತಪ್ಪಿದರು?" ಎಂದರು ಗುರುಗಳು.

"ಅಡುಗೆಯ ನೀಲಮ್ಮ. ವಯಸ್ಸಾಯಿತು, ಮಧ್ಯಾಹ್ನ ಒಂದಿಷ್ಟು ಮಲಗಲಿ ಅಂತ ಊಟವನ್ನೇ ಒಂದು ಗಂಟೆ ಮುಂಚೆ ಮಾಡಿಸಿದೆ. ಹತ್ತು ದಿನವಾಯಿತು, ದಿನವೂ ಬೇಳೆ ಅರೆಬೆಂದಿರುತ್ತದೆ. ಅವಳ ಕೈ ಸೋತಿದೆ. ಊರಿಗೆ ಕಳಿಸಿಬಿಡಲೇ? ಹೋಗು ಅನ್ನಲು ಬಾಯಿ ಬರುತ್ತಿಲ್ಲ."

ಗುರುಗಳು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಲಾರಿಯವನಿದ್ದ. ಅವನದು ಉದ್ದ ಮೂತಿಯ ಹಳೆಯ ಲಾರಿ, ವಯಸ್ಸಿನಲ್ಲಿ ಅವನಿಗಿಂತ ಹಿರಿಯದು. ಅವನಪ್ಪ ನಲವತ್ತು ವರ್ಷ ಓಡಿಸಿದ್ದು. ಈಗಲೂ ಸಂತೆಯ ದಿನ ಮುದುಕನೇ ಓಡಿಸಬೇಕು. ಇಲ್ಲದಿದ್ದರೆ ಅವನಿಗೆ ವಾರ ತುಂಬಿದ ಹಾಗಾಗುತ್ತಿರಲಿಲ್ಲ. ಆದರೆ ಮೊಣಕಾಲು ಹಿಡಿದುಕೊಂಡಿತು. ಲಾರಿ ಹತ್ತುವಾಗ ಮುದುಕ ಹಲ್ಲು ಕಚ್ಚುವುದನ್ನು ಮಗ ನೋಡಿದ. ಮರುಗಿದ. ಮುಂದಿನ ಅಚ್ಚಿನ ಮೇಲಿನ ಕಮಾನು ಪಟ್ಟಿಗಳ ಬಾಗು ತಗ್ಗಿಸಿ, ಲಾರಿಯ ಮೂತಿಯನ್ನು ನಾಲ್ಕು ಬೆರಳು ಕೆಳಗಿಳಿಸಿದ. ಮುದುಕ ಸಲೀಸಾಗಿ ಹತ್ತಿ ಕೂತ. ಇಬ್ಬರಿಗೂ ಸಂತೋಷ.

ಆ ಸಂತೋಷ ಮೊದಲ ಗುಂಡಿಯವರೆಗೆ ಬಾಳಿತು. ಚಕ್ರ ಗುಂಡಿಗೆ ಇಳಿದದ್ದೇ ತಡ, ಲಾರಿ ತಾನಾಗಿ ಪಕ್ಕಕ್ಕೆ ಎಳೆಯಿತು. ಎರಡನೆಯ ಗುಂಡಿಗೂ ಹಾಗೇ. ಮೂರನೆಯದಕ್ಕೆ ಚರಂಡಿಯ ಅಂಚು ಮುಟ್ಟಿತು.

"ಅಪ್ಪಾ, ನಿನ್ನ ಕೈ ಮೊದಲಿನ ಹಾಗಿಲ್ಲ," ಎಂದ ಮಗ. ಮೆಲ್ಲಗೇ ಎಂದ.

ಮುದುಕ ಕೀಲಿ ಕೊಟ್ಟು ಇಳಿದ. ಅಂದಿನಿಂದ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದ.

ಮಗ ಓಡಿಸಿದಾಗಲೂ ಲಾರಿ ಎಳೆಯಿತು. ಅವನು ರಸ್ತೆಯನ್ನು ಬೈದ. ತಿಂಗಳಾದ ಮೇಲೆ ಒಬ್ಬ ಮೇಸ್ತ್ರಿಯ ಹತ್ತಿರ ಹೋಗಿ, "ಅಪ್ಪ ಇನ್ನು ಹತ್ತುವುದಿಲ್ಲ. ಲಾರಿಯನ್ನು ಮೊದಲಿನಷ್ಟೇ ಎತ್ತರ ಮಾಡಿಬಿಡು," ಎಂದ.

ಯಾಕೆ ಹತ್ತುವುದಿಲ್ಲ ಎಂದು ಮೇಸ್ತ್ರಿ ಕೇಳಿ ತಿಳಿದುಕೊಂಡ. ಆಮೇಲೆ ಅಂಗಳದಲ್ಲಿ ಒಂದು ಹಲಗೆ ಇಟ್ಟು, ಇದರ ಮೇಲೆ ಓಡಿಸು ಎಂದ. ಮಗ ಓಡಿಸಿದ. ಸ್ಟೇರಿಂಗ್ ಅವನ ಮುಷ್ಟಿಯೊಳಗೇ ತಿರುಗಿತು.

"ನೋಡಪ್ಪ, ಇಲ್ಲಿ ರಸ್ತೆ ಇಲ್ಲ, ನಿಮ್ಮಪ್ಪನೂ ಇಲ್ಲ," ಎಂದ ಮೇಸ್ತ್ರಿ. "ಈಗ ಯಾರನ್ನು ಬೈತೀಯ?"

ಮಗನನ್ನು ಲಾರಿಯ ಅಡಿಗೆ ಕರೆದು ತೋರಿಸಿದ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಕೋಲು ಮೊದಲು ಮಟ್ಟಸವಾಗಿ ಮಲಗಿತ್ತು. ಲಾರಿ ಇಳಿದಾಗ ಕೋಲಿನ ಒಂದು ತುದಿ ಲಾರಿಯ ಜೊತೆ ಇಳಿಯಿತು. ಇನ್ನೊಂದು ತುದಿ ಚಕ್ರದ ಜೊತೆ ಮೇಲೆಯೇ ಉಳಿಯಿತು. ಕೋಲು ಓರೆಯಾಯಿತು. ಚಕ್ರ ಎದ್ದುಬಿದ್ದಾಗಲೆಲ್ಲ ಆ ಓರೆ ಕೋಲೇ ಅದನ್ನು ತಿರುಗಿಸುತ್ತಿತ್ತು.

ಮೇಸ್ತ್ರಿ ಲಾರಿಯನ್ನು ಎತ್ತರಿಸಲಿಲ್ಲ. ಕೋಲಿಗೆ ಚಕ್ರದ ಕಡೆ ಆಸರೆಯಾಗಿದ್ದ ತೋಳನ್ನು ಬದಲಿಸಿ, ಆ ತುದಿಯನ್ನೂ ನಾಲ್ಕು ಬೆರಳು ಕೆಳಗೆ ತಂದ. ಕೋಲು ಮತ್ತೆ ಮಟ್ಟಸವಾಯಿತು.

ಸಂತೆಯ ದಿನ ಮಗ ಅಪ್ಪನ ಕೈಗೆ ಕೀಲಿ ಕೊಟ್ಟ. ಬೇಡ ಬೇಡವೆನ್ನುತ್ತಲೇ ಮುದುಕ ಹತ್ತಿದ. ಮೊದಲ ಗುಂಡಿ ಬಂತು. ಹೋಯಿತು. ಎರಡನೆಯದೂ ಹೋಯಿತು.

"ರಸ್ತೆ ರಿಪೇರಿ ಆಯಿತೇನೋ?" ಎಂದ ಮುದುಕ.

"ರಸ್ತೆ ಅದೇ ಅಪ್ಪಾ. ಕೈಯೂ ಅದೇ."

ಸಂತೆಯಲ್ಲಿ ಮುದುಕ ಚಹಾದ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು ಕುಡಿದ.

ಕತೆ ಮುಗಿಯಿತು. ಮರುಳಯ್ಯನ ಕಣ್ಣು ತೇವವಾಗಿತ್ತು. "ಪಾಪ, ಮುದುಕ," ಎಂದ ಗೊಂಚಲು ಆಡಿಸುತ್ತ. "ಆ ಮಗನಿಗೆ ಬಗ್ಗಿ ನೋಡಬೇಕು ಅಂತ ಹೊಳೆಯಲೇ ಇಲ್ಲವಲ್ಲ!"

ಗುರುಗಳು ಆ ಗೊಂಚಲನ್ನೇ ನೋಡುತ್ತ ಕೇಳಿದರು: "ಊಟ ಒಂದು ಗಂಟೆ ಮುಂಚೆಯಾಯಿತು, ಸರಿ, ನೀಲಮ್ಮನಿಗೆ ಬೇಳೆ ಅಳೆದುಕೊಡಲು ನೀನು ಉಗ್ರಾಣದ ಬೀಗ ತೆಗೆಯುವುದು ಎಷ್ಟು ಹೊತ್ತಿಗೆ?"

ಝಣಝಣ ನಿಂತಿತು.