ಕುಂಬಾರರ ಅಜ್ಜಿ ಕೇಳಿದ ಪ್ರಶ್ನೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಗುರುಸಿದ್ದಯ್ಯನವರು. ನಮ್ಮ ಮಠದಲ್ಲಿ ಬೆಳಗಿನ ಪೂಜೆಗೆ ಹೂ ಕಟ್ಟಿಕೊಡುತ್ತಿದ್ದವರು. ಮಠದ ಗುರುಗಳು ಇದನ್ನು ಒಬ್ಬ ಶಿಷ್ಯೆಗೆ ಹೇಳಿದ ದಿನ ಗುರುಸಿದ್ದಯ್ಯನವರು ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದರಂತೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ನೀಲಾಂಬಿಕೆ ಎಂಬ ಶಿಷ್ಯೆ ಗುರುಗಳಲ್ಲಿಗೆ ಬಂದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದವಳು. ರಕ್ತ ಕಡಿಮೆಯಿರುವ ಹೆಂಗಸರಿಗೆ ಒಂದು ಸೊಪ್ಪಿನ ಪುಡಿ ಕೊಟ್ಟು ನೋಡಬೇಕೆಂಬುದು ಅವಳ ಕೆಲಸ. ನಮಸ್ಕಾರ ಮಾಡಿ ಕೇಳಿದಳು:

“ಗುರುಗಳೇ, ಬರುವ ಸೋಮವಾರ, ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮುಂದೆ ನನ್ನ ಪ್ರಸ್ತಾವ ಮಂಡಿಸಬೇಕು. ಅವರು ಬೇಡವೆಂದರೆ ಎರಡು ವರ್ಷದ ಓದು ನೀರುಪಾಲಾಯಿತು. ಮತ್ತೆ ಪ್ರಶ್ನೆಯೇ ಏಳದ ಹಾಗೆ ಉತ್ತರ ಕೊಡುವುದು ಹೇಗೆ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವೈದ್ಯನಿದ್ದ. ಚಳಿಜ್ವರಕ್ಕೆ ಹೊಸ ಕಷಾಯವೊಂದನ್ನು ಕಂಡುಹಿಡಿದಿದ್ದ. ಯಾವ ವೈದ್ಯನೇ ಆಗಲಿ, ಹೊಸ ಔಷಧಿಯನ್ನು ಜನರಿಗೆ ಕೊಡುವ ಮೊದಲು ಐವರ ಸಭೆಯ ಒಪ್ಪಿಗೆ ಪಡೆಯಬೇಕೆಂಬುದು ಆ ಪಟ್ಟಣದ ಕಟ್ಟಳೆ. ಐವರಲ್ಲಿ ಮೂವರು ವೈದ್ಯರು, ಒಬ್ಬರು ಶಾಸ್ತ್ರ ಬಲ್ಲವರು. ಐದನೆಯವರು ಔಷಧಿ ಕುಡಿಯುವ ಜನರ ಕೇರಿಯಿಂದ ಬಂದವರಾಗಿರಬೇಕು. ಆ ವರ್ಷ ಆ ಜಾಗದಲ್ಲಿ ಕುಂಬಾರರ ಅಜ್ಜಿಯೊಬ್ಬಳು ಕುಳಿತಿದ್ದಳು.

ವೈದ್ಯ ತಿಂಗಳುಗಟ್ಟಲೆ ತಯಾರಾಗಿ ಬಂದಿದ್ದ.

“ಯಾರಿಗೆ ಕೊಡುತ್ತೀಯ?” ಎಂದು ಸಭೆಯವರು ಕೇಳಿದರು.

“ಜ್ವರ ಬಂದ ದೊಡ್ಡವರಿಗೆ, ಅವರು ಒಪ್ಪಿದರೆ ಮಾತ್ರ.”

“ಮಕ್ಕಳಿಗೆ?”

“ಕೊಡುವುದೇ ಇಲ್ಲ. ಎಳೆಯ ಮೈಗೆ ಅದು ವಿಷ.”

“ಎಲ್ಲಿ ಕೊಡುತ್ತೀಯ?”

“ಮಠದ ಬಾಗಿಲಲ್ಲಿ, ಬೆಳಗಿನ ಪೂಜೆ ಮುಗಿದ ಮೇಲೆ. ಕೇರಿಯವರೆಲ್ಲ ಆಗ ಅಲ್ಲಿಗೆ ಬಂದೇ ಬರುತ್ತಾರೆ. ದಿನವೂ ಮೂರು ಹೊತ್ತಿಗೆ ಆಗುವಷ್ಟನ್ನು ಕುಡಿಕೆಯಲ್ಲಿ ಹಾಕಿ ಮನೆಗೆ ಕಳುಹಿಸುತ್ತೇನೆ.”

ನಾಲ್ವರೂ ತಲೆದೂಗಿದರು. ಆಗ ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದಳು: “ನನ್ನದೂ ಒಂದು ಮಾತು ಬುದ್ಧಿ. ಮನೆಯಲ್ಲಿ ಒಬ್ಬರಿಗೇ ಕೊಟ್ಟರೆ, ಉಳಿದವರ ಮುಂದೆ ಅವರು ಅದನ್ನು ಹೇಗೆ ಕುಡಿಯುತ್ತಾರೆ?”

ವೈದ್ಯ ಇದೊಂದಕ್ಕೆ ತಯಾರಾಗಿರಲಿಲ್ಲ. ಆದರೆ ಮಾತಿನಲ್ಲಿ ಚುರುಕು.

“ಬಾಯಿಯಿಂದಲೇ ಕುಡಿಯುತ್ತಾರೆ ಅಜ್ಜಿ. ಮೂಗಿನಿಂದ ಕುಡಿಯುವ ಔಷಧಿಯನ್ನು ನಾನಿನ್ನೂ ಮಾಡಿಲ್ಲ.”

ಸಭೆಯೆಲ್ಲ ನಕ್ಕಿತು. ಶಾಸ್ತ್ರ ಬಲ್ಲವರಂತೂ ಕಣ್ಣೊರೆಸಿಕೊಂಡು ನಕ್ಕರು. ಅಜ್ಜಿಯೂ ಬಾಯಿಗೆ ಸೆರಗು ಹಿಡಿದು ನಕ್ಕು ಸುಮ್ಮನಾದಳು. ಒಪ್ಪಿಗೆ ಸಿಕ್ಕಿತು.

ವೈದ್ಯ ಕೆಟ್ಟವನಲ್ಲ. ಹೇಳಿದ ಹಾಗೆಯೇ ನಡೆದುಕೊಂಡ. ಪ್ರತಿಯೊಬ್ಬರನ್ನೂ ಕರೆದು, ಒಪ್ಪಿಗೆ ಕೇಳಿ, “ಇದು ನಿನಗೆ” ಎಂದು ಹೇಳಿಯೇ ಕುಡಿಕೆ ಕೊಟ್ಟ. ಅಳತೆಯಲ್ಲಿ ಒಂದು ಹನಿ ಹೆಚ್ಚುಕಡಿಮೆ ಮಾಡಲಿಲ್ಲ. ದೊಡ್ಡವರ ಜ್ವರ ಇಳಿಯತೊಡಗಿತು.

ಒಂಬತ್ತನೆಯ ದಿನ ಆ ಕೇರಿಯಲ್ಲಿ ಒಂದು ಕೂಸು ತೀರಿಕೊಂಡಿತು. ಹನ್ನೊಂದನೆಯ ದಿನ ಇನ್ನೊಂದು.

ವೈದ್ಯ ಓಡಿಹೋದ. ಮೊದಲ ಕೂಸಿನ ತಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

“ಕೂಸಿಗೆ ಏನು ಕೊಟ್ಟೆಯಮ್ಮ?”

“ಬೇರೆ ಏನೂ ಕೊಟ್ಟಿಲ್ಲ ಬುದ್ಧಿ. ನೀವು ಕೊಟ್ಟದ್ದರಲ್ಲೇ ದಿನಕ್ಕೊಂದು ಚಮಚ. ಪೂಜೆ ಆದ ಮೇಲೆ ಮಠದ ಬಾಗಿಲಲ್ಲಿ ಸಿಕ್ಕಿದ್ದಲ್ಲವೇ? ತೀರ್ಥವನ್ನು ಮನೆಯವರನ್ನು ಬಿಟ್ಟು ಒಬ್ಬಳೇ ಕುಡಿಯುವುದುಂಟೇ? ಅತ್ತೆಗೆ ಕೊಟ್ಟೆ, ಇವರಿಗೆ ಕೊಟ್ಟೆ, ಕೂಸಿನ ಬಾಯಿಗೂ ಬಿಟ್ಟೆ.” ಅವಳೇ ಕೇಳಿದಳು: “ಕಮ್ಮಿ ಆಯಿತೇ ಬುದ್ಧಿ? ಇನ್ನೂ ಎರಡು ಚಮಚ ಕೊಟ್ಟಿದ್ದರೆ ಉಳಿಯುತ್ತಿತ್ತೇ?”

ವೈದ್ಯ ಅಲ್ಲಿಂದ ಓಡಿದ. ಮನೆಮನೆಗೂ ಹೋಗಿ ಕುಡಿಕೆಗಳನ್ನು ತಾನೇ ತಂದು ಚೆಲ್ಲಿದ. ಯಾವ ಮನೆಯಲ್ಲೂ ಒಬ್ಬರೇ ಕುಡಿದಿರಲಿಲ್ಲ.

ಕೊನೆಗೆ ಕುಂಬಾರರ ಅಜ್ಜಿಯ ಮನೆಗೆ ಹೋದ. ಅವಳು ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದಳು.

“ಅಜ್ಜಿ, ನಿನಗೆ ಇದು ಗೊತ್ತಿತ್ತು.”

“ನಮ್ಮ ಕೇರಿಯಲ್ಲಿ ಯಾರಿಗೆ ಗೊತ್ತಿಲ್ಲ ಬುದ್ಧಿ?”

“ಹಾಗಾದರೆ ಸಭೆಯಲ್ಲಿ ಇನ್ನೊಂದು ಸಲ ಯಾಕೆ ಕೇಳಲಿಲ್ಲ?”

ಅಜ್ಜಿ ತುಳಿಯುವುದನ್ನು ನಿಲ್ಲಿಸಲಿಲ್ಲ.

“ನೀವು ಉತ್ತರ ಕೊಟ್ಟಿರಲ್ಲಪ್ಪ. ಎಲ್ಲರೂ ನಕ್ಕರು. ಅಷ್ಟು ಓದಿದವರು ನಕ್ಕ ಮೇಲೆ, ಕೇಳಬಾರದ್ದನ್ನು ಕೇಳಿಬಿಟ್ಟೆ ಅಂದುಕೊಂಡೆ.”

ಅಂದಿನಿಂದ ಆ ವೈದ್ಯ ಯಾರಿಗೂ ಔಷಧಿ ಕೊಡಲಿಲ್ಲವಂತೆ. ಆ ಕಷಾಯ ಒಳ್ಳೆಯದೇ ಆಗಿತ್ತು. ಅದನ್ನು ಮಾಡುವ ಬಗೆ ಅವನೊಂದಿಗೇ ಮಣ್ಣಾಯಿತು. ಅವನು ಬದುಕಿರುವಷ್ಟು ಕಾಲವೂ ಆ ಕೇರಿಯವರು ಚಳಿಜ್ವರದಿಂದ ಸಾಯುತ್ತಲೇ ಇದ್ದರು.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆ ಮುಂದಿನ ಮಾತಿಗೆ ಕಾಯುತ್ತಿದ್ದಳು. ಗುರುಗಳು ಕೇಳಿದರು:

“ಮಗಳೇ, ನಿನ್ನ ಸಮಿತಿಯಲ್ಲಿ ಆ ಅಜ್ಜಿಯ ಜಾಗದಲ್ಲಿ ಕೂರುವವರು ಯಾರು?”

ಅವಳಿಗೆ ಗೊತ್ತಿರಲಿಲ್ಲ ಎಂದು ಗುರುಸಿದ್ದಯ್ಯನವರು ಹೇಳುತ್ತಿದ್ದರು.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ. ಸಭೆಯ ಮುಂದೆ ನಿಲ್ಲುವವರಿಗೂ ಹೇಳಿ, ಸಭೆಯಲ್ಲಿ ಕೂರುವವರಿಗೂ ಹೇಳಿ. ಹೇಳುವಾಗ ವೈದ್ಯ ಕೊಟ್ಟ ಉತ್ತರವನ್ನು ಮಾತ್ರ ಬಿಡಬೇಡಿ. ಅಲ್ಲಿಗೆ ಬಂದಾಗ ಕೇಳುವವರೂ ನಗುತ್ತಾರೆ. ನಾನೂ ನಕ್ಕಿದ್ದೆ.