ವ್ಯಾನು ಆರಿಸಿದ ನೆರಳು

ಹಾಸಿಗೆ, ಒಲೆ ಎಲ್ಲವನ್ನೂ ಹೊತ್ತು ಊರೂರು ತಿರುಗುವ ವ್ಯಾನೊಂದು, ಪಕ್ಕಕ್ಕೆ ಕಟ್ಟಿಕೊಳ್ಳಲು ಮಡಚುವ ಬಟ್ಟೆ ಚಪ್ಪರ ಬೇಕೆಂದು ಕಡಲ ದಾರಿಯ ಅಂಗಡಿಗೆ ಬಂತು. ಅಂಗಡಿಯ ಬಾಗಿಲಿಗೆ ನೆರಳಾಗಿ ಹರಡಿದ್ದ ಹಳೆಯ ಚಪ್ಪರ, "ನನ್ನನ್ನೇ ಕರೆದುಕೊಂಡು ಹೋಗು. ಆರು ಬೇಸಿಗೆ ಕಂಡಿದ್ದೇನೆ" ಎಂದಿತು.

"ಅದಕ್ಕೇ ಬಣ್ಣವೆಲ್ಲ ಹೋಗಿದೆ" ಎಂದು ವ್ಯಾನು ಮೂಗು ಮುರಿಯಿತು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ನವಿಲುಬಣ್ಣದ ಹೊಸ ಚಪ್ಪರವನ್ನು ಆರಿಸಿ ಹೆಗಲಿಗೇರಿಸಿಕೊಂಡಿತು. ರಸ್ತೆ ದಾಟಿ, ಮರವಿಲ್ಲದ ಮರಳಿನಲ್ಲಿ ನಿಂತಿತು.

ಮಧ್ಯಾಹ್ನವಾಯಿತು. ವ್ಯಾನಿನ ಒಡತಿ ವಾರಿಜಮ್ಮ ಊಟದ ತಟ್ಟೆ ಹಿಡಿದು ಕೆಳಗಿಳಿದರು. "ಒಳಗೆ ಕೂರೋಕಾಗಲ್ಲ, ಕಾದ ಹಂಚಿನ ಹಾಗಿದೆ. ಸ್ವಲ್ಪ ಚಪ್ಪರ ಬಿಚ್ಚು."

"ಈ ಬಿಸಿಲಿನಲ್ಲೇ?" ಹೊಸ ಚಪ್ಪರಕ್ಕೆ ಗಾಬರಿಯಾಯಿತು. "ನನ್ನ ಬಣ್ಣ ಏನಾಗಬೇಕು?"

"ನಿಜ. ಹೊಸದು, ಹಾಳಾಗುವುದು ಬೇಡ" ಎಂದಿತು ವ್ಯಾನು.

ವಾರಿಜಮ್ಮ ತಟ್ಟೆ ಹಿಡಿದೇ ರಸ್ತೆ ದಾಟಿ, ಅಂಗಡಿಯ ಮುಂದೆ ಹಳೆಯ ಚಪ್ಪರದ ಕೆಳಗೆ ಕೂತು ಊಟ ಮಾಡಿದರು. ಅಲ್ಲೇ ಗೋಡೆಗೆ ಒರಗಿ ಒಂದು ನಿದ್ದೆಯನ್ನೂ ತೆಗೆದರು.

ಸೂರ್ಯ ಕಡಲಿಗಿಳಿದ ಮೇಲೆ ಹೊಸ ಚಪ್ಪರ, "ಈಗ ಬಿಚ್ಚು. ಎಲ್ಲರೂ ನೋಡಲಿ" ಎಂದಿತು. ವ್ಯಾನು ಪ್ಲಾಸ್ಟಿಕ್ಕು ತೆಗೆದು ಅದನ್ನು ಅಗಲವಾಗಿ ಬಿಚ್ಚಿ, "ಬನ್ನಿ, ನೆರಳು ಸಿದ್ಧವಾಗಿದೆ!" ಎಂದು ಕರೆಯಿತು.

ವಾರಿಜಮ್ಮ ಕೂತಲ್ಲಿಂದಲೇ ಹೇಳಿದರು: "ಈಗ ಇಡೀ ಊರೇ ನೆರಳಲ್ಲಿದೆ ಕಣಪ್ಪ."