ಕಾಡ್ಗಿಚ್ಚಿನ ದಿನದ ಪುಟ

ಕಾಡಿನ ದಾಖಲೆಗಳನ್ನೆಲ್ಲ ಆಮೆಯಜ್ಜಿ ಕಾಪಾಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಒಂದು ಹಾಳೆಯೂ ಕಳೆದಿಲ್ಲವೆಂಬ ಹೆಮ್ಮೆ ಅವಳದು. ಒಂದು ದಿನ ಅಳಿಲೊಂದು ನಾಲ್ಕನೆಯ ಸಲ ಅರ್ಜಿ ಹಿಡಿದು ಬಂದಿತು.

“ಕಾಡ್ಗಿಚ್ಚಿನ ದಿನದ ಪುಟ ನೋಡಬೇಕು ಅಜ್ಜಿ. ಅಂದು ಅಮ್ಮ ನನ್ನನ್ನು ಹಳ್ಳದಾಚೆ ಬಿಟ್ಟು ಹೋದಳು. ಯಾಕೆ ಹೋದಳೆಂದು ನನಗೆ ತಿಳಿಯಬೇಕು.”

“ಮೂರು ಸಲ ಹೇಳಿದ್ದೇನಲ್ಲ ಮಗೂ. ಯಾರ್ಯಾರು ಎಲ್ಲೆಲ್ಲಿ ಅಡಗಿದ್ದರೆಂದು ಆ ಪುಟದಲ್ಲಿ ಬರೆದಿದೆ. ಮೊಲದ ಬಿಲ ನರಿಗೆ ಗೊತ್ತಾದರೆ ಹೊಣೆ ಯಾರು?”

“ಮೊಲದ ಬಿಲ ಕಟ್ಟಿಕೊಂಡು ನನಗೇನಾಗಬೇಕು? ನನ್ನಮ್ಮನ ಒಂದು ಸಾಲು ತೋರಿಸಿ, ಸಾಕು.”

ಆಮೆಯಜ್ಜಿ ಒಳಗೆ ಹೋಗಿ ಆ ದಿನದ ಕಡತ ತಂದಳು. ಆಮೇಲೆ ಪುಟ ತೆರೆದು, ಉಳಿದ ಸಾಲುಗಳನ್ನೆಲ್ಲ ಮುತ್ತುಗದ ಎಲೆಗಳಿಂದ ಮುಚ್ಚಿ, ಒಂದೇ ಒಂದು ಸಾಲನ್ನು ತೆರೆದಿಟ್ಟಳು. ಅಳಿಲು ಓದಿತು: “ತಾಯಿ ಅಳಿಲು ಒಂದು ಮರಿಯನ್ನು ಹಳ್ಳ ದಾಟಿಸಿತು. ಇನ್ನೊಂದನ್ನು ತರಲು ಬೆಂಕಿಯತ್ತ ಮರಳಿತು. ತಿರುಗಿ ಬರಲಿಲ್ಲ.”

“ಹಾಗಾದರೆ ಅಮ್ಮ ನಾನು ಬೇಡವಾಗಿ ಹೋದದ್ದಲ್ಲ,” ಎಂದಿತು ಅಳಿಲು. ಆ ಸಾಲಿನ ಮೇಲೆ ಕೆನ್ನೆಯಿಟ್ಟು ಹಾಗೆಯೇ ಕೂತಿತು.

ಬಾಗಿಲು ಹಾಕುವ ಹೊತ್ತಾದರೂ ಆಮೆಯಜ್ಜಿ ಅದನ್ನು ಎಬ್ಬಿಸಲಿಲ್ಲ. ಅರ್ಜಿಗಳ ಪುಸ್ತಕ ತೆಗೆದು, ತಾನು ಹಿಂದೆ ಮೂರು ಸಲ ‘ತಿರಸ್ಕರಿಸಿದೆ’ ಎಂದು ಬರೆದಿದ್ದ ಕಡೆ ದುಂಡಗಿನ ಅಕ್ಷರಗಳಲ್ಲಿ ಸೇರಿಸಿದಳು: “ಮೊದಲ ದಿನವೇ ಎಲೆ ಮುಚ್ಚಿ ತೋರಿಸಬಹುದಿತ್ತು. ತಪ್ಪು ನನ್ನದು.” ಮುಂದೆ ಈ ಕೆಲಸಕ್ಕೆ ಬರುವವರು ಓದಲೆಂದು ಕೆಳಗೆ ಸಹಿಯನ್ನೂ ಹಾಕಿದಳು.